ಅಡ್ಡದಾರಿ

ಕೆಂಡದ ಮೇಲೆ ಬಾಡಿಸಿದ ಬಾಳೆಲೆಯ ವಾಸನೆ, ಚಿಕ್ಕಂದಿನಲ್ಲಿ ಅಜ್ಜಿ ಬುತ್ತಿ ಕಟ್ಟುವಾಗಿನದು, ಹಸಿದ ತುಂಗಾಬಾಯಿಗೆ ನೆನಪಾಯಿತು. ಶ್ರೀಲಂಕಾದ ಈ ಬೆಟ್ಟದ ದಾರಿಯ ಹೋಟೆಲುಗಳಲ್ಲಿ ಚಟ್ನಿಗೂ ಮೀನಿನ ಪುಡಿ ಬೆರೆಸುತ್ತಾರೆಂದು ಡ್ರೈವರ್ ಕಾರು ನಿಲ್ಲಿಸಿದಲ್ಲೆಲ್ಲ ಅವನಿಗೆ ಹೇಳಿ, ಬೆಳಗಿನಿಂದ ಏನೂ ಮುಟ್ಟಿರಲಿಲ್ಲ.

ಡ್ರೈವರ್ ಕನ್ನಡಿಯಲ್ಲಿ ತುಂಗಾಬಾಯಿಯವರನ್ನೇ ನೋಡಿದ. ಫೋನಿನಲ್ಲಿ ಸಿಂಹಳದಲ್ಲಿ ಏನೋ ಪಿಸುಗುಟ್ಟಿದ. ಆಮೇಲೆ ಕಾರನ್ನು ಮಣ್ಣುದಾರಿಗೆ ಇಳಿಸಿದ.

“ಯಾಕಪ್ಪಾ, ದೊಡ್ಡ ರಸ್ತೆ ಬಿಟ್ಟೆ?” ತಮಗೆ ಬರುವ ತಮಿಳಿನಲ್ಲಿ ಕೇಳಿದರು.

“ಸಣ್ಣ ಕೆಲಸ ಇದೆ, ಅಮ್ಮಾ.”

“ನೋಡು, ನನ್ನ ಹತ್ತಿರ ಬಂಗಾರ ಗಿಂಗಾರ ಏನೂ ಇಲ್ಲ!”

ಅವನು ನಕ್ಕ. ತುಂಗಾಬಾಯಿ ಬಳೆಗಳ ಮೇಲೆ ಸೆರಗು ಎಳೆದುಕೊಂಡರು.

ಚಹಾ ತೋಟದೊಳಗಿನ ಒಂಟಿ ಮನೆಯೆದುರು ಕಾರು ನಿಂತಿತು. ಒಳಗೆ ಹೋದವನು ಹೆಂಡತಿಯೊಡನೆ ಹೊರಬಂದ.

“ಮೀನಿಲ್ಲ ಅಮ್ಮಾ, ಬೇಯಿಸಿದ ಮಡಕೆಯೂ ಹೊಸದು,” ಎಂದು ಬಿಸಿ ಬಾಳೆಲೆಯ ಪೊಟ್ಟಣವನ್ನು ಮೆಲ್ಲನೆ ಅವರ ಕೈಗಿಟ್ಟ.