ಮಳೆ ಹೇಳುವವರು

ಸಂಗು ಜೋಶಿಯವರ ಕೈಯಿಂದ ಪಂಚಾಂಗವನ್ನು ಕಿತ್ತುಕೊಂಡ. ಅದರ ನಡುವಿನಿಂದ ಮೊಬೈಲು ಜಾರಿ ಜಮಖಾನೆಯ ಮೇಲೆ ಬಿತ್ತು.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ. ರಾಮಚಂದ್ರ ಜೋಶಿಯವರ ಪಡಸಾಲೆಯಲ್ಲಿ ತಿಕೋಟಾ, ಬಬಲೇಶ್ವರ ಕಡೆಯ ಹತ್ತೆಂಟು ದ್ರಾಕ್ಷಿ ಬೆಳೆಗಾರರು ಕೂತಿದ್ದರು. ಎಲ್ಲರ ಒಣದ್ರಾಕ್ಷಿಯೂ ಬಯಲಿನಲ್ಲಿ ಕೊನೆಯ ಬಿಸಿಲು ಕಾಯುತ್ತಿತ್ತು. ಒಂದು ಮಳೆ ಬಿದ್ದರೆ ವರ್ಷದ ಬೆವರೆಲ್ಲ ಕಪ್ಪು ಹಿಡಿದು ಹುಳಿಯುತ್ತದೆ. ಸಂಗುವಿನ ಎರಡು ಟನ್ನೂ ತಾಡಪತ್ರಿಯ ಮೇಲೆ ಹರಡಿತ್ತು. ದಿನಾ ಬೆಳಿಗ್ಗೆ ಆರಕ್ಕೆ ಜೋಶಿಯವರು ಊರೂರಿನ ವಾಟ್ಸಾಪ್ ಗುಂಪಿಗೆ ಮಾತಾಡಿ ಕಳಿಸುತ್ತಿದ್ದರು. ಇವತ್ತಿನದು: ವೇದಪ್ರಮಾಣ, ಮೂರು ದಿನ ಮಳೆಯಿಲ್ಲ.

"ಇಂದ್ರನ ಸಾವಿರ ಕಣ್ಣು ಅಂದ್ರ ಏನಂತ ತಿಳದೀರಿ? ಉಪಗ್ರಹ!" ಎಂದು ಆಗಷ್ಟೇ ಹೇಳಿದ್ದರು. ಒಂಬತ್ತನೇ ಇಯತ್ತೆಗೇ ಸಾಲಿಗೆ ಶರಣು ಹೊಡೆದಿದ್ದ ಸಂಗುವಿಗೆ ಆ ಮಾತಿಗೆ ಪಿತ್ತ ನೆತ್ತಿಗೇರಿತ್ತು.

ಫೋನೆತ್ತಿ ಎಲ್ಲರಿಗೂ ತೋರಿಸಿದ. ಹವಾಮಾನದ ಆ್ಯಪು. ತಿಕೋಟಾ: ಮಳೆ ಇಲ್ಲ.

"ನೋಡ್ರಿ ಇವರ ವೇದ! ಚಾರ್ಜ್ ಮುಗದ್ರ ಋಷಿಗೋಳೂ ಬಾಯಿ ಮುಚ್ಚತಾರ."

"ಏನ್ರಿ ಜೋಶ್ಯಾರ," ಬಬಲೇಶ್ವರದ ಗುರಲಿಂಗಪ್ಪ ಮೀಸೆಯಲ್ಲೇ ನಕ್ಕ, "ಇಂದ್ರ ಯಾವ ಸಿಮ್ ಹಾಕ್ಯಾನ?"

ಜೋಶಿಯವರು ಹೆದರಲಿಲ್ಲ. "ಆತಪಾ, ನೋಡ್ತೇನಿ. ನಿಮ್ಮ ವಿಜ್ಞಾನನ ಅಲ್ಲೇನು ಅದು? ಸುಳ್ಳಾಗೂದಿಲ್ಲಲ್ಲ?"

"ಹೆಂಗ ಸುಳ್ಳಾಕ್ಕೈತ್ರಿ? ಯಂತ್ರ ಐತಿ ಅಲ್ಲೆ!" ಎಂದ ಸಂಗು. ದನಿ ಮಾತ್ರ ಒಂದು ಮೆಟ್ಟಿಲು ಇಳಿಯಿತು.

ಹವೆ ಅಳೆಯುವ ಯಂತ್ರ ಇದ್ದದ್ದು ಖರೆ. ಇಡೀ ತಿಕೋಟಾಕ್ಕೆ ಅದೊಂದೇ, ಅದೂ ಸಂಗುವಿನ ತೋಟದಲ್ಲೇ. ನೋಡಿಕೊಳ್ಳಲು ಆ್ಯಪಿನ ಕಂಪನಿ ಅವನಿಗೇ ಪಗಾರ ಕೊಡುತ್ತಿತ್ತು. ದೀಪಾವಳಿಯ ಹೊತ್ತಿಗೆ ಮಂಗವೊಂದು ಅದರ ವೈರು ಕಿತ್ತುಹಾಕಿತ್ತು. ಅಂದಿನಿಂದ ಸಂಗು ಬೆಳಿಗ್ಗೆ ಏಳಕ್ಕೆ ಅವ್ವ ಅಕ್ಕನಾಗಮ್ಮನನ್ನು ಕೇಳುತ್ತಿದ್ದ. ಮೊಣಕಾಲು ನೋಯುತ್ತಿದೆ ಎಂದರೆ ಮಳೆ ಎಂದು ಆ್ಯಪಿಗೆ ಒತ್ತಿ ಕಳಿಸುತ್ತಿದ್ದ. ಇಲ್ಲವೆಂದರೆ ಇಲ್ಲ. ಅದು ಮೋಸವೆಂದು ಅವನಿಗೆ ಅನಿಸಿರಲೇ ಇಲ್ಲ. ಹವೆಯ ಒತ್ತಡ ಇಳಿದರೆ ಕೀಲು ನೋಯುತ್ತದಂತೆ. ಯೂಟ್ಯೂಬಿನಲ್ಲಿ ಡಾಕ್ಟರೊಬ್ಬರು ಹೇಳಿದ್ದರು. ಅದೂ ವಿಜ್ಞಾನವೇ.

ಗೆದ್ದ ಹುರುಪಿನಲ್ಲಿ ಬೈಕು ಓಡಿಸಿದ. ತಿಕೋಟಾ ಸಮೀಪಿಸುವಾಗ ಪಡುವಣ ದಿಕ್ಕು ಹಂಚಿನ ತಳದಂತೆ ಕಪ್ಪಾಗಿತ್ತು. ಪಕ್ಕದ ತೋಟದಲ್ಲಿ ಬುಡ್ಡೇಸಾಬ ಒಬ್ಬನೇ ಒಣದ್ರಾಕ್ಷಿಯ ಮೇಲೆ ತಾಡಪತ್ರಿ ಎಳೆಯುತ್ತಿದ್ದ.

"ಲೇ ಸಂಗ್ಯಾ, ಮ್ಯಾಲ ನೋಡಲೇ!"

"ಮ್ಯಾಲ ನೋಡೂ ಕಾಲ ಹೋತೋ ಕಾಕಾ!"

ಆದರೂ ಬೈಕು ನಿಲ್ಲಿಸುವ ಮೊದಲೇ ಕೂಗಿದ. "ಅವ್ವಾ, ಮೊಣಕಾಲ ಹೆಂಗೈತಿ?"

"ಗುಂಡಕಲ್ಲಿನಂಗ ಐತಿ. ನೋವಂಬೂದ ಇಲ್ಲ."

ಸಂಗು ನಿರುಮ್ಮಳವಾಗಿ ಕಟ್ಟೆಯ ಮೇಲೆ ಕೂತ. ಚಹಾ ಅರ್ಧ ಕುಡಿದಿದ್ದ. ಗುಡುಗಿತು. ಆಮೇಲೆ ಬಿಂದಿಗೆ ಬೋರಲು ಹಾಕಿದಂತೆ ಸುರಿಯಿತು. ಅವನು ಓಡಿ ಮುಟ್ಟುವಷ್ಟರಲ್ಲಿ ಎರಡು ಟನ್ ಒಣದ್ರಾಕ್ಷಿ ನೀರಿನಲ್ಲಿ ತೇಲುತ್ತಿತ್ತು.

"ನೋವಿಲ್ಲ ಅಂದ್ಯಲ್ಲ ಬೇ!" ಮಳೆಯಲ್ಲೇ ನಿಂತು ಚೀರಿದ.

"ಖರೇನ ಇಲ್ಲೋ ಯಪ್ಪಾ," ಅಕ್ಕನಾಗಮ್ಮ ಬಾಗಿಲಲ್ಲಿ ನಿಂತು ಹಣೆ ಬಡಿದುಕೊಂಡಳು, "ಮುಂಜಾನೆ ಫೋನಿನಾಗ ಜೋಶ್ಯಾರು ಮಳಿ ಐತಿ ಅಂದ ದಿನಾ ಅಷ್ಟ ಹಿಡೀತೈತಿ ಇದು!"