ಬಗ್ಗಿ ನೋಡಿದವರು

ಸೆಕೆಂಡ್‌ಹ್ಯಾಂಡ್ ಎಸ್‌ಯುವಿ ಮನೆಗೆ ತಂದ ದಿನದಿಂದ ಧನಪಾಲನಿಗೆ ನೆಮ್ಮದಿಯಿಲ್ಲ. ಮಾರಿದ ಹಿರಿಯರು ಕೀ ಕೊಡುವ ಮೊದಲು ಗಾಡಿಯ ಹಿಂದೆ ಹೋಗಿ, ಮೊಣಕಾಲೂರಿ, ಕೆಳಗೆ ಬಗ್ಗಿ ನೋಡಿದ್ದರು. ಅವನು ಹತ್ತಿ ಕೂತ ಮೇಲೂ ಮತ್ತೊಮ್ಮೆ ನೋಡಿದ್ದರು.

"ಬ್ರೇಕ್ ಆಯಿಲ್ ಸೋರ್ತಿರ್ಬೇಕು, ಅದನ್ನೇ ನೋಡಿದಾರೆ. ಅಗ್ಗ ಅಂದ್ರೆ ನಿಮಗೆ ಕಣ್ಣೇ ಕಾಣಲ್ಲ" ಎಂದು ಹೆಂಡತಿ ಚುಚ್ಚಿದಳು.

ಭಾನುವಾರ ಅವಳನ್ನೂ ಮಗಳನ್ನೂ ಕೂರಿಸಿಕೊಂಡು ಘಾಟಿ ಇಳಿಯಬೇಕಿತ್ತು. ಧನಪಾಲ ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದ.

"ಕಮ್ಮಿ ಖರ್ಚಲ್ಲಿ ಒಳ್ಳೇ ಬ್ರೇಕ್ ಹಾಕ್ಕೊಡಿ ಮೇಸ್ತ್ರಿ."

ಮೇಸ್ತ್ರಿ ಚಕ್ರ ಬಿಚ್ಚಿ ನೋಡಿ ನಕ್ಕ. "ನಾನೇನು ಹಾಕ್ಲಿ ಸಾರ್? ಡಿಸ್ಕು, ಪ್ಯಾಡು ಎಲ್ಲಾ ಹೊಸದು, ಅದೂ ದುಬಾರಿ ಮಾಲು. ಹಿಂದೆ ಕ್ಯಾಮೆರಾ ಬೇರೆ ಕೂರಿಸವ್ರೆ. ಮಾರೋ ಗಾಡಿಗೆ ಯಾವ ಪುಣ್ಯಾತ್ಮ ಹಿಂಗೆ ದುಡ್ಡು ಸುರೀತಾನೆ?"

ಧನಪಾಲನಿಗೆ ನಾಚಿಕೆಯಾಯಿತು. ಅಲ್ಲಿಂದಲೇ ಹಿರಿಯರಿಗೆ ಫೋನ್ ಮಾಡಿದ.

"ಯಜಮಾನ್ರೇ, ನಿಮ್ಮ ಮೇಲೆ ಸುಮ್ನೆ ಅನುಮಾನ ಪಟ್ಟೆ, ಬೇಜಾರು ಮಾಡ್ಕೋಬೇಡಿ. ಇಂಥ ಬ್ರೇಕ್ ಹಾಕ್ಸಿ ಇಷ್ಟು ಅಗ್ಗಕ್ಕೆ ಯಾಕೆ ಕೊಟ್ರಿ?"



"ಹಾಕ್ಸಿದ ಮೇಲೂ ಅದನ್ನ ಓಡ್ಸೋಕೆ ನನ್ನ ಕೈಲಿ ಆಗ್ಲಿಲ್ಲಪ್ಪ" ಎಂದರು ಹಿರಿಯರು. "ಅವತ್ತು ನಾನು ರಿವರ್ಸ್ ತೆಗೀವಾಗ ಮೊಮ್ಮಗಳು ಹಿಂದುಗಡೆ ಕೂತು ಆಡ್ತಿದ್ಲು."