ಪೆಟ್ಟಿಗೆಯ ಹೆಸರು

ಬಡಗಿ ಗಸ್ಪಾರ್ ಪೆಟ್ಟಿಗೆಯನ್ನು ಹೊಸ್ತಿಲ ಹೊರಗೇ ಇಟ್ಟುಕೊಂಡು ನಿಂತಿದ್ದ. ಪೈನ್ ಮರದ್ದು, ಒಂದೂವರೆ ಮೊಳ ಉದ್ದ. ಒಳಗೆ ಮಗಳು ಕಸಿಲ್ದಾ ಮೂರು ದಿನದ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. ಕೂಸಿನ ಉಸಿರು ಬೆಳಗಿನ ಜಾವವೇ ನಿಂತಿತ್ತು, ಈಗ ಮಧ್ಯಾಹ್ನ. ದ್ರಾಕ್ಷಿ ಕೊಯ್ಲಿಗೆಂದು ಫ್ರಾನ್ಸಿಗೆ ಹೋದ ಗಂಡನಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

"ನಾನು ಕೇಳಿದ್ರೆ ಕೊಡಲ್ಲ ಅಂತಾಳೆ. ಅಕ್ಷರ ಕಲಿಸಿದೋರು, ನೀವಾದ್ರೂ ಹೇಳಿ ನೋಡಿ," ಅಂದ ಗಸ್ಪಾರ್. "ಆದ್ರೆ ನಿಮ್ಮ ಪದಗಳ ಪುರಾಣ ಮಾತ್ರ ಇವತ್ತು ಬೇಡ ಮೇಷ್ಟ್ರೇ."

ಮೇಷ್ಟರು ದೋನ್ ಎವರಿಸ್ತೋ ತಲೆಯಾಡಿಸಿ ಒಳಗೆ ಹೋದರು. ಯಾವ ಪದ ಎಲ್ಲಿಂದ ಬಂತೆಂದು ಕೆದಕುವ ಅವರ ಚಟಕ್ಕೆ ಊರೇ ನಗುತ್ತಿತ್ತು. ಈರುಳ್ಳಿ ಕೊಳ್ಳಲು ಹೋದರೂ ಮೊದಲು ಅದರ ಹೆಸರಿನ ಸಿಪ್ಪೆ ಸುಲಿಯುತ್ತಾರಂತೆ.

"ನೀವೂ ಕೇಳೋಕೇ ಬಂದ್ರಾ?" ಅಂದಳು ಕಸಿಲ್ದಾ. "ಅತಾವುದ್ ಒಳಗೆ ಇಡಲ್ಲ ನಾನು. ಹೆಣ ಇಡೋದು ಅತಾವುದ್‌ನಲ್ಲಿ. ಇದು ನನ್ನ ಕೂಸು."

ಮೇಷ್ಟರಿಗೆ ಸಮಾಧಾನ ಹೇಳಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ವಿದ್ಯೆ.

"ಅದು ಮೊದಲಿಂದ ಹೆಣದ ಪೆಟ್ಟಿಗೆ ಹೆಸರಲ್ಲ ಮಗಳೇ. ನಮ್ಮ ಸ್ಪ್ಯಾನಿಷಿಗೆ ಅದು ಅರಬರಿಂದ ಬಂತು. ಅವರು 'ತಾಬೂತ್' ಅಂತಿದ್ರು. ಅದಕ್ಕೂ ಹಿಂದೆ ಹೀಬ್ರೂ ಜನ 'ತೇವಾ' ಅಂದ್ರು. ಬೈಬಲ್ಲಲ್ಲಿ ಮೋಶೆಯ ತಾಯಿ ಕೂಸನ್ನ ಉಳಿಸಿಕೊಳ್ಳೋಕೆ ಜೊಂಡಿನ ಬುಟ್ಟೀಲಿ ಮಲಗಿಸಿ ನದೀಲಿ ಬಿಟ್ಟಳಲ್ಲ, ಆ ಬುಟ್ಟಿನೇ ತೇವಾ. ಒಂದು ಹನಿ ನೀರೂ ತಾಗದ ಹಾಗೆ ಅದಕ್ಕೆ ರಾಳ ಮೆತ್ತಿದ್ದಳು."

ಕಸಿಲ್ದಾ ಮೊದಲ ಸಲ ಹೊಸ್ತಿಲಿನಾಚೆ ನೋಡಿದಳು. ಗಸ್ಪಾರ್ ಸದ್ದಾಗದಂತೆ ಪೆಟ್ಟಿಗೆಯನ್ನು ತಂದು ಅವಳ ಕಾಲ ಬಳಿ ಇಟ್ಟ. ಅವಳು ತನ್ನ ಶಾಲನ್ನು ಮಡಿಸಿ ಹಾಸಿ, ಕೂಸನ್ನು ಮಲಗಿಸಿ, ಕೈ ಮಾತ್ರ ತೆಗೆಯದೆ ಕೂತಳು. ಗಸ್ಪಾರ್ ಮೇಷ್ಟರ ಭುಜ ಮುಟ್ಟಿದ. ನಲವತ್ತು ವರ್ಷದ ಓದು ಒಂದು ಸಲವಾದರೂ ಒಬ್ಬರ ಕೆಲಸಕ್ಕೆ ಬಂತಲ್ಲ ಎಂದುಕೊಂಡರು ಮೇಷ್ಟರು.

"ಆ ತಾಯಿಗೆ ಅವಳ ಕೂಸು ವಾಪಸ್ ಸಿಕ್ತಲ್ವಾ ಮೇಷ್ಟ್ರೇ?" ಅಂದಳು ಕಸಿಲ್ದಾ.

ಅವರಿಗೆ ಸುಳ್ಳು ಹೇಳಲಾಗಲಿಲ್ಲ. "ಸಿಕ್ತಮ್ಮ."

"ಹೇಗೆ?"

"ಕೂಸು ರಾಜನ ಮಗಳ ಕೈಗೆ ಸಿಕ್ತು. ಅವಳು ಆ ತಾಯಿನೇ ಕರೆಸಿದಳು." ಅವರು ನೆಲ ನೋಡಿದರು. "ಹಾಲು ಕುಡಿಸೋಕೆ."

ತಲೆಯೆತ್ತಿದಾಗ, ಪೆಟ್ಟಿಗೆಯ ಮೇಲೆ ಬಾಗಿ ಕೂತಿದ್ದ ಕಸಿಲ್ದಾಳ ಅಂಗಿ ಎದೆಯ ಎರಡೂ ಕಡೆ ಮೆಲ್ಲಗೆ ತೋಯುತ್ತಿತ್ತು.